ತೆಗಿ ಅಂದರೆ ಯಾವ ತೆಗಿ

ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ದೊಡ್ಡಬಳ್ಳಾಪುರದ ಈ ಭಾಗದಲ್ಲಿ ನಮ್ಮ ಎಡಗೋಡೆಯ ಆಚೆ ಸೀರೆ ನೇಯುವ ಮಗ್ಗಗಳು, ಹಿಂದಿನ ಗೋಡೆಯ ಆಚೆಯೂ ಅವೇ. ಕರೆಂಟ್ ಇರುವಷ್ಟು ಹೊತ್ತು ಬಡಿಯುತ್ತಲೇ ಇರುತ್ತವೆ. ಹೋದಾಗ ಎಲ್ಲವೂ ಒಟ್ಟಿಗೆ ನಿಲ್ಲುವುದಿಲ್ಲ. ಒಂದು ನಿಂತು, ಇನ್ನೊಂದು ಎರಡು ಬಡಿತ ಎಳೆದು, ಮತ್ತೊಂದು ಮನಸ್ಸಿಲ್ಲದೆ ನಿಲ್ಲುತ್ತದೆ. ಆಮೇಲಿನ ಮೌನದಲ್ಲಿ ನೇಯುವವರು ಬೈದುಕೊಳ್ಳುವುದು ಕೇಳಿಸುತ್ತದೆ.

ಆ ದಿನಗಳಲ್ಲಿ ಕರೆಂಟ್ ಹೋಗಲಪ್ಪಾ ಎಂದು ಕಾಯುತ್ತಿದ್ದವರು ಇಡೀ ಬೀದಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಅವಳ ದನಿಯನ್ನು ಹಿಡಿದಿಟ್ಟುಕೊಳ್ಳಬೇಕಾಗಿತ್ತು. ಮಗ್ಗ ನಿಂತಾಗ ಮಾತ್ರ ಅದು ಸಾಧ್ಯವಿತ್ತು.

ಗಂಟಲಲ್ಲಿ ಗಡ್ಡೆ ಎಂದು ಗೊತ್ತಾದ ಮೇಲೆ ಬೆಂಗಳೂರಿನ ಡಾಕ್ಟರು ಮೆಲ್ಲಗೆ ಹೇಳಿದ್ದರು: "ಧ್ವನಿಪೆಟ್ಟಿಗೆ ತೆಗೀಬೇಕಾಗುತ್ತಮ್ಮ." ಅವಳು ತಲೆಯಾಡಿಸಿದಳು. ನನಗೆ ಅವಳ ಧೈರ್ಯ ನೋಡಿ ಆಶ್ಚರ್ಯವಾಯಿತು. ವಾಪಸು ಬರುವ ಬಸ್ಸಿನಲ್ಲಿ ಯಲಹಂಕ ದಾಟಿತ್ತೋ, ರಾಜಾನುಕುಂಟೆ ಬಂದಿತ್ತೋ, ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ರೀ, ತೆಗ್ದು ಒಳಗೆ ಕ್ಲೀನ್ ಮಾಡಿ ಮುಚ್ತಾರೆ ಅಲ್ವಾ?"

ನಮ್ಮ ಕಡೆ ಬಾಗಿಲು ತೆಗಿ ಅಂದರೆ ತೆರೆ ಎಂದರ್ಥ. ಕಸ ತೆಗಿ ಅಂದರೆ ಆಚೆ ಹಾಕು. ಬಸ್ ಸ್ಟ್ಯಾಂಡ್ ಹತ್ತಿರ ಹೋಟ್ಲು ತೆಗ್ದವ್ರೆ ಅಂದರೆ ಹೊಸದಾಗಿ ಶುರು ಮಾಡಿದರೋ, ಎತ್ತಿಕೊಂಡು ಹೋದರೋ, ಹೇಳುವವರ ಮುಖ ನೋಡಿಯೇ ತಿಳಿಯಬೇಕು. ಅವಳು ಪೆಟ್ಟಿಗೆ ಎಂಬ ಮಾತನ್ನು ಕೇಳಿಸಿಕೊಂಡಿದ್ದಳು. ಪೆಟ್ಟಿಗೆಯನ್ನು ತೆಗೆಯುತ್ತಾರೆ, ಮುಚ್ಚುತ್ತಾರೆ. ಅದರಲ್ಲಿ ತಪ್ಪೇನಿದೆ?

"ಆ ತೆಗಿಯೋದಲ್ಲ ಕಣೇ," ಅಂದೆ. ಅಂದೆನೋ, ಅನ್ನಬೇಕೆಂದುಕೊಂಡೆನೋ. ನನ್ನ ನೆನಪಿನಲ್ಲಿ ಆ ಮಾತು ಸ್ಪಷ್ಟವಾಗಿದೆ, ಅದಕ್ಕೇ ಅನುಮಾನ. ಅಷ್ಟು ಸ್ಪಷ್ಟವಾಗಿ ನಾನು ಯಾವತ್ತೂ ಮಾತಾಡಿದವನಲ್ಲ. ಅವಳಿಗೆ ಅರ್ಥವಾದದ್ದಂತೂ ನಿಜ. ಊರಿನಲ್ಲಿ ಇಳಿದ ಕೂಡಲೇ ಆಟೋದವನ ಮೇಲೆ ಎಂಥಾ ಜಗಳ ತೆಗೆದಳೆಂದರೆ, ಅವನು "ಅಕ್ಕಾ, ಹತ್ತಕ್ಕ, ನೀ ಹೇಳ್ದಂಗೇ ಆಗ್ಲಿ, ಕಿವಿ ಬಿಡು," ಎಂದು ಗಾಡಿ ಶುರು ಮಾಡಿಯೇಬಿಟ್ಟ. ಅಲ್ಲೂ ಜಗಳ 'ತೆಗೆದಳು' ಎಂದೇ ಬರೆದಿದ್ದೇನೆ, ನೋಡಿ. ಬೇರೆ ಮಾತು ಬರುವುದಿಲ್ಲ.

ಅವಳು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಹೊಲಿಗೆಯ ಅರ್ಧ ಕೆಲಸ ಮಾತಿನದು. ಆಪರೇಷನ್‌ಗೆ ಮುಂಚೆ ಅವಳ ಮಾತುಗಳನ್ನು ಅವಳದೇ ದನಿಯಲ್ಲಿ ಕಂಪ್ಯೂಟರಿಗೆ ತುಂಬಿ, ಆಮೇಲೆ ಬೇಕಾದಾಗ ಗುಂಡಿ ಒತ್ತಿ ಆಡಿಸಬಹುದು ಎಂದು ಹೊಳೆದದ್ದು ನನಗೆ. ಫೋನಿನಲ್ಲಿ ಬೇಡ ಎಂದವಳು ಅವಳು. ಫೋನು ಬಟ್ಟೆ ರಾಶಿಯಲ್ಲಿ ಮುಳುಗಿಹೋಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪ್ ಆದರೆ ಹೊಲಿಗೆ ಯಂತ್ರದ ಪಕ್ಕ ತಳವೂರಿ ಕೂತಿರುತ್ತದೆ.

ಆದರೆ ಅದು ಏಳುವುದಕ್ಕೇ ಒಂದು ಕಾಫಿಯಷ್ಟು ಹೊತ್ತು ಬೇಕಿತ್ತು. ಊರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನನ್ನ ಸ್ಕೂಲು ಗೆಳೆಯನ ಹತ್ತಿರ ಒಯ್ದೆ.

"ಲಿನಕ್ಸ್ ಹಾಕು ಗುರು," ಅಂದ. "ಇದಕ್ಕೆ ಹಳೇ ಸಿಸ್ಟಮ್ ಭಾರ ಆಗೈತೆ."

"ಯಾವ ಲಿನಕ್ಸು? ನೂರೆಂಟು ಥರ ಇದಾವಂತಲ್ಲ."

"ಸಾಂಬಾರ್ ಪುಡಿ ಇದ್ದಂಗೆ ಕಣೋ. ಒಳಗೆ ಎಲ್ಲರ್ದೂ ಅದೇ ಮೆಣಸಿನಕಾಯಿ, ಅದೇ ಕೊತ್ತಂಬರಿ ಬೀಜ. ಮನೆಗೊಂದು ರುಚಿ. ಮೊದಲನೇ ಸಲ ತಿನ್ನೋರಿಗೆ ಖಾರ ಕಮ್ಮಿ ಇರೋದು ಹಾಕ್ಬೇಕು, ಅಷ್ಟೇ."

ಮೂರು ಬಗೆಯನ್ನು ಪೆನ್‌ಡ್ರೈವ್‌ಗಳಿಗೆ ತುಂಬಿ ಕೊಟ್ಟ. ಲ್ಯಾಪ್‌ಟಾಪ್‌ನಲ್ಲಿದ್ದುದನ್ನು ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ನಡೆಸಿ ರುಚಿ ನೋಡಬಹುದು, ಒಪ್ಪಿದರೆ ಮಾತ್ರ ಒಳಗೆ ಹಾಕಿಕೊಳ್ಳಬಹುದು. ಆರಿಸುವವಳು ಅವಳೇ ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು. ಬೇರೆ ಯಾವುದನ್ನೂ ಆರಿಸುವ ಹಕ್ಕು ಅವಳಿಗೆ ಆಗ ಉಳಿದಿರಲಿಲ್ಲ.

ಮೊದಲು ಉಬುಂಟು. "ಚೆನ್ನಾಗೈತೆ, ಆದ್ರೆ ಎಲ್ಲಾ ಎಡಗಡೆ ನಿಂತವೆ, ಬಸ್ಸಿಗೆ ಕಾಯೋರ ಥರ," ಅಂದಳು. ಆಮೇಲೆ ಮಿಂಟ್. ಹೆಸರಿನ ಅರ್ಥ ಹೇಳಿದೆ. "ಪುದೀನಾನಾ? ಹಂಗಾದ್ರೆ ಇದೇ ಇರ್ಲಿ, ಗಂಟ್ಲಿಗೂ ಒಳ್ಳೇದು," ಎಂದು ನಕ್ಕಳು. ನಕ್ಕ ಮೇಲೆ ಕೆಮ್ಮಿದಳು. ಆದರೆ ಕೊನೆಗೆ ಒಪ್ಪಿದ್ದು ಮೂರನೆಯದನ್ನು. ದೊಡ್ಡ ಗುರುತುಗಳು, ಅಕ್ಷರಗಳೆಲ್ಲ ಕನ್ನಡದಲ್ಲಿ, ಕೆಳಗೆ ಒಂದು ಸಾಲು ಪಟ್ಟಿ. "ಕನ್ನಡದಲ್ಲೇ ಇರ್ಲಿ ಕಣ್ರೀ. ನನ್ ದನಿ ಕನ್ನಡ, ಅದು ಕೂತ್ಕೊಳೋ ಜಾಗಾನೂ ಕನ್ನಡ ಇರ್ಲಿ." ಅದರ ಹೆಸರು ಬರೆಯುವುದಿಲ್ಲ. ಮುಂದೆ ಆದದ್ದರಲ್ಲಿ ಅದರ ತಪ್ಪೇನೂ ಇಲ್ಲ.

ಈಗ ಅವಳನ್ನು ಕೇಳಿದರೆ ಎರಡನೆಯದನ್ನೇ ಹಾಕಿದ್ದು, ಪುದೀನವನ್ನೇ, ಎನ್ನುತ್ತಾಳೆ. ನನಗೆ ಮೂರನೆಯದು ಎಂದು ನೆನಪು. ಗೆಳೆಯ, "ನಾನು ಕೊಟ್ಟಿದ್ದೇ ಎರಡು," ಎನ್ನುತ್ತಾನೆ. ಲ್ಯಾಪ್‌ಟಾಪಿನ ಡಿಸ್ಕನ್ನು ಆಮೇಲೆ ಒರೆಸಿದ್ದರಿಂದ ಯಾರು ಸರಿ ಎಂದು ಹೇಳಲು ಸಾಕ್ಷಿ ಇಲ್ಲ. ನಾನು ನನ್ನದನ್ನೇ ಬರೆಯುತ್ತಿದ್ದೇನೆ.

ಸಿಸ್ಟಮ್ ಹಾಕಿದ್ದಾಯಿತು. ಇನ್ನು ದನಿ ಹಿಡಿಯುವ ಪ್ರೋಗ್ರಾಂ. ಗೆಳೆಯ ಫೋನಿನಲ್ಲಿ ಹೇಳಿಕೊಟ್ಟಂತೆ ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿದೆ. ಪಾಸ್‌ವರ್ಡ್ ಕೇಳಿತು. ಒತ್ತಿದೆ. ಪರದೆಯ ಮೇಲೆ ಏನೂ ಬೀಳಲಿಲ್ಲ.

"ಒತ್ರೀ, ಏನೂ ಬರ್ತಿಲ್ಲ," ಅಂದಳು, ಭುಜದ ಮೇಲಿಂದ ಬಗ್ಗಿ.

"ಬರೋದೇ ಇಲ್ವಂತೆ ಕಣೇ. ಕಾಣದಂಗೆ ತಗೊಳುತ್ತಂತೆ."

"ಭಾರೀ ನಾಚ್ಕೆ ಅದಕ್ಕೆ."

ಅಕ್ಷರಗಳು ಸರಸರ ಉರುಳಿ ನಿಂತವು. ಆಯಿತು. ಮಧ್ಯಾಹ್ನ ಕರೆಂಟ್ ಹೋದೊಡನೆ ಗುಂಡಿ ಒತ್ತಿದೆ. ಮಗ್ಗ ನಿಂತವು. ಅವಳು ಸೆರಗು ಸರಿಮಾಡಿಕೊಂಡು ಕೂತಳು, ಫೋಟೊಗೆ ಕೂರುವ ಹಾಗೆ. ನಾನು, "ಹೂಂ, ಈಗ," ಅಂದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಪ್ರೋಗ್ರಾಂ ಗರಬಡಿದಂತೆ ನಿಂತುಬಿಟ್ಟಿತು.

"ಅದು ಹಳೇ ವರ್ಷನ್ನು ಗುರು," ಎಂದು ಗೆಳೆಯ ಫೋನಿನಲ್ಲಿ ಬೇರೆ ದಾರಿ ಹೇಳಿದ. "ಫ್ಲಾಟ್‌ಪ್ಯಾಕ್ ಅಂತ ಬರುತ್ತೆ, ಅದು ಹಾಕ್ಕೊ. ನೀನು ಮೊದಲು ಹಾಕಿದ್ದು ಮನೆ ಅಡುಗೆ ಇದ್ದಂಗೆ. ಮನೇಲಿರೋ ಪಾತ್ರೆ, ಮನೇಲಿರೋ ಎಣ್ಣೆ ಬಳಸುತ್ತೆ. ಇದು ಕ್ಯಾರಿಯರ್ ಊಟ. ಅನ್ನ ಸಾರು ಪಲ್ಯ ಎಲ್ಲಾ ತನ್ ಡಬ್ಬೀಲೇ ತರುತ್ತೆ. ಹೋಗೋವಾಗ್ಲೂ ಮನೇಲಿ ಗಲೀಜು ಬಿಡಲ್ಲ, ಡಬ್ಬಿ ಎತ್ಕೊಂಡು ಹೋಗ್ಬಿಡುತ್ತೆ."

ಇದಕ್ಕೆ ಕಪ್ಪು ಕಿಟಕಿ ಬೇಕಾಗಲಿಲ್ಲ. ಸಾಫ್ಟ್‌ವೇರ್ ಅಂಗಡಿ ಎಂದೇ ಒಂದು ಗುರುತು ಇತ್ತು. ಹುಡುಕಿ, ಅದರ ಚಿತ್ರ ಒತ್ತಿ, 'ಅನುಸ್ಥಾಪಿಸು' ಎಂಬ ಗುಂಡಿ ಒತ್ತಿದಳು. "ಏನೋ ದೇವರನ್ನ ಪ್ರತಿಷ್ಠಾಪನೆ ಮಾಡಿದಂಗೆ ಹೇಳ್ತದಲ್ರೀ," ಅಂದಳು.

ಆಮೇಲಿನ ದಿನಗಳು ಚೆನ್ನಾಗಿದ್ದವು. ಹೀಗೆ ಬರೆಯಲು ಹೆದರಿಕೆಯಾಗುತ್ತದೆ, ಆದರೆ ಚೆನ್ನಾಗಿದ್ದವು. ಕರೆಂಟ್ ಹೋದೊಡನೆ ಅವಳು ಯಂತ್ರ ಬಿಟ್ಟು ಎದ್ದು ಬರುತ್ತಿದ್ದಳು. ಲ್ಯಾಪ್‌ಟಾಪ್‌ನ ಬ್ಯಾಟರಿ ಉಸಿರು ಹಿಡಿದಷ್ಟು ಹೊತ್ತು ಹೇಳುತ್ತಿದ್ದಳು. ಅಳತೆ ಬ್ಲೌಸ್ ತಂದಿದೀರಾ. ತೋಳು ಉದ್ದ ಬೇಕಾ, ಗಿಡ್ಡ ಬೇಕಾ. ಬೆನ್ನಿಗೆ ದಾರ ಹಾಕ್ಲಾ.

"'ನಾಳೆ ಬನ್ನಿ' ಬೇರೆ ಬೇರೆ ಥರ ಬೇಕು."

"ನಾಳೆ ಅಂದ್ರೆ ನಾಳೆ ತಾನೇ?"

"ಅಯ್ಯೋ, ನಿಮಗೇನು ಗೊತ್ತು. ನಿಜವಾದ ನಾಳೆ ಒಂದು, ಸುಳ್ಳು ನಾಳೆ ಒಂದು. ಮದುವೆ ಮನೆಯೋರ್ಗೆ ಹೇಳೋ ನಾಳೆ ಬೇರೆ, ಅಳತೆ ತರ್ದೆ ಬಂದು ಅಂದಾಜ್ಮೇಲೆ ಹೊಲೀರಿ ಅಂತಾರಲ್ಲ, ಅವ್ರಿಗೆ ಹೇಳೋದು ಬೇರೆ."

ಎಲ್ಲವನ್ನೂ ಹೇಳಿದಳು. ಒಂದೊಂದು ನಾಳೆಯೂ ನಿಜಕ್ಕೂ ಬೇರೆಬೇರೆಯಾಗಿತ್ತು.

"ನನಗೆ ಬೈಯೋದು ಒಂದು ಹಾಕು," ಅಂದೆ.

"ಬೈಗುಳ ಮುಂಚೇನೇ ಮಾಡಿಟ್ರೆ ಆರೋಗ್ತದೆ ಕಣ್ರೀ. ಬಿಸಿಬಿಸಿ ಇರ್ಬೇಕು." ಆಮೇಲೆ, "ನೀವು ಇದ್ನ ಇಟ್ಕಳಿ," ಎಂದು ಒಂದೇ ಒಂದು ಅಕ್ಷರ ಹೇಳಿದಳು. "ರೀ." ಅಡುಗೆಮನೆಯಿಂದ ಕರೆಯುವ ಹಾಗೆ, ಕೊನೆಯಲ್ಲಿ ಸ್ವಲ್ಪ ಮೇಲೆತ್ತಿ.

ಕಾಪಿ ಮಾಡಿಟ್ಟುಕೋ ಎಂದು ಗೆಳೆಯ ಹೇಳಿದ್ದ. ಮಾಡಿದೆ. ಹೋಮ್ ಎಂಬ ಫೋಲ್ಡರಿನಲ್ಲಿ ರೆಕಾರ್ಡಿಂಗ್ಸ್ ಎಂದಿದ್ದ ಕಡತಕೋಶವನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿದೆ. ಅದು ಮೊದಲನೆಯ, ಗರಬಡಿದ ಪ್ರೋಗ್ರಾಂ ಮಾಡಿಕೊಂಡಿದ್ದ ಕೋಶವೆಂದೂ, ಎರಡನೆಯ ಪ್ರೋಗ್ರಾಂ, ಆ ಕ್ಯಾರಿಯರ್‌ನವನು, ಎಲ್ಲವನ್ನೂ ಕಣ್ಣಿಗೆ ಕಾಣದ ತನ್ನ ಡಬ್ಬಿಯೊಳಗೇ ಇಟ್ಟುಕೊಳ್ಳುತ್ತಾನೆಂದೂ ನನಗೆ ತಿಳಿದಿರಲಿಲ್ಲ.

ಆಪರೇಷನ್ ಆಯಿತು. ಈಗ ಅವಳು ಉಸಿರಾಡುವುದು ಕತ್ತಿನಲ್ಲಿರುವ ಒಂದು ರಂಧ್ರದಿಂದ. ಅದರ ಮೇಲೆ ಕಟ್ಟಿಕೊಳ್ಳಲು ತೆಳು ಹತ್ತಿಯ ಪಟ್ಟಿಗಳನ್ನು ಅವಳೇ ಹೊಲಿದುಕೊಂಡಳು, ಉಟ್ಟ ಸೀರೆಗೆ ಹೊಂದುವ ಬಣ್ಣದಲ್ಲಿ. ತುಂಬಿಟ್ಟ ಮಾತು ಬಿಟ್ಟು ಬೇರೆ ಏನನ್ನಾದರೂ ಹೇಳಬೇಕಾದರೆ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಕಪ್ಪು ಲೈನಿಂಗ್ ತುಂಡಿನ ಮೇಲೆ ಬರೆಯುತ್ತಾಳೆ, ಕೊಡವುತ್ತಾಳೆ. ಬಂದವರಿಗೆ ಗುಂಡಿ ಒತ್ತಿ ತನ್ನದೇ ದನಿಯಲ್ಲಿ ನಾಳೆ ಬನ್ನಿ ಎಂದಾಗ ಅವಳ ತುಟಿಯೂ ಜೊತೆಗೆ ಆಡುತ್ತಿತ್ತು. ನೋಡುವವರಿಗೆ ಅವಳೇ ಮಾತಾಡಿದಂತೆ ಕಾಣುತ್ತಿತ್ತು. ಮಗ್ಗದ ಸದ್ದಿನಲ್ಲಿ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಹೀಗೆ ಕೆಲವು ವಾರ ನಡೆಯಿತು.

ನಾನು ಕೆಲಸ ಮಾಡುವುದು ದೇವನಹಳ್ಳಿ ಕಡೆ, ವಿಮಾನ ನಿಲ್ದಾಣದ ಹತ್ತಿರದ ಒಂದು ಗೋದಾಮಿನಲ್ಲಿ. ಅವಳು ಫೋನ್ ಮಾಡುತ್ತಿದ್ದಳು. ಮೆಸೇಜ್ ಹಾಕಬಹುದಿತ್ತು, ಆದರೆ ಫೋನ್ ಮಾಡುವುದು ಅವಳ ಅಭ್ಯಾಸ, ಮಾತು ಹೋದರೂ ಅದು ಹೋಗಲಿಲ್ಲ. ನಾನು ಮಾತಾಡುತ್ತಿದ್ದೆ, ಅವಳು ಕತ್ತರಿಯ ಹಿಡಿಯಿಂದ ಮೇಜಿನ ಮೇಲೆ ಬಡಿಯುತ್ತಿದ್ದಳು. ಒಂದು ಬಡಿತ ಹೂಂ, ಎರಡು ಬಡಿತ ಊಹೂಂ.

ಆ ದಿನ ಫೋನಿಗೆ ಮುಂಚೆ ಒಂದು ಮೆಸೇಜ್ ಬಂತು: ಗುರುತು ಕಾಣ್ತಿಲ್ಲ. ಕೆಳಗಿನ ಪಟ್ಟಿಯಿಂದ ಪ್ರೋಗ್ರಾಮಿನ ಚಿತ್ರ ಹೇಗೋ ಜಾರಿಹೋಗಿತ್ತು. ಅಷ್ಟೇ. ಪ್ರೋಗ್ರಾಮೂ ಇತ್ತು, ದನಿಯೂ ಇತ್ತು. ಕೂಡಲೇ ಫೋನ್ ಬಂತು. ಹಿಂದೆ, ಬ್ಲೌಸ್ ಹೊಲಿಸಲು ಬಂದಿದ್ದ ಯಾರೋ ಹೆಂಗಸು, "ನಿಧಾನ ಮಾಡಕ್ಕ, ಅರ್ಜೆಂಟಿಲ್ಲ," ಅನ್ನುತ್ತಿದ್ದಳು.

"ಸಾಫ್ಟ್‌ವೇರ್ ಅಂಗಡಿ ಒತ್ತು. ಬಂತಾ?"

ಒಂದು ಬಡಿತ.

"ಅದ್ರಲ್ಲಿ, ನೀನು ಹಾಕಿದ್ಯಲ್ಲ, ಆ ಚಿತ್ರ ಐತಾ?"

ಒಂದು ಬಡಿತ.

"ಒತ್ತು. ಹಾಂ, ಅಲ್ಲಿಂದಾನೇ ತೆಗಿ."

ಬಡಿತವಿಲ್ಲ.

"ತೆಗಿಯೇ, ಏನಾಗಲ್ಲ."

ಒಂದು ಬಡಿತ. ಸ್ವಲ್ಪ ತಡವಾಗಿ.

"ಏನಾದ್ರೂ ಕೇಳ್ತೈತಾ?"

ಒಂದು ಬಡಿತ.

"ಹೂಂ ಅಂತ ಕೊಡು."

ಪರದೆಯ ಮೇಲೆ ಎರಡು ಗುಂಡಿಗಳಿದ್ದವು. ಒಂದರ ಮೇಲೆ 'ತೆರೆ', ಇನ್ನೊಂದರ ಮೇಲೆ 'ತೆಗೆದುಹಾಕು'. ತೆರೆ ಎನ್ನುವ ಮಾತನ್ನು ನಾವು ಮನೆಯಲ್ಲಿ ಯಾವತ್ತೂ ಆಡಿದವರಲ್ಲ. ಅದು ಪುಸ್ತಕದ್ದು. ತೆಗಿ ಅಂದೆ, ತೆಗಿ ಎಂದು ಶುರುವಾಗುವುದನ್ನು ಅವಳು ಒತ್ತಿದಳು. ಅದರ ದತ್ತಾಂಶವನ್ನೂ ಅಳಿಸಬೇಕೇ ಎಂದು ಅದು ಕೇಳಿದೆ. ಹೂಂ ಅಂತ ಕೊಟ್ಟಿದ್ದಾಳೆ. ಅವಳು ಇವತ್ತಿಗೂ ಹಾಗೇನೂ ಕೇಳಲಿಲ್ಲ, ಪಾಸ್‌ವರ್ಡ್ ಮಾತ್ರ ಕೇಳಿತು ಎಂದು ಚಾಕ್‌ಪೀಸಿನಲ್ಲಿ ಬರೆಯುತ್ತಾಳೆ. ನಾನೂ ಆ ಪ್ರಶ್ನೆಯನ್ನು ಕಂಡದ್ದು ಆಮೇಲೆ, ಗೆಳೆಯನ ಅಂಗಡಿಯ ಬೇರೆ ಕಂಪ್ಯೂಟರಿನಲ್ಲಿ. ಅವನು ತೋರಿಸಿದ ಆ ಕಿಟಕಿಯನ್ನೇ ನಮ್ಮ ಮನೆಯ ಪರದೆಗೆ ಅಂಟಿಸಿಕೊಂಡು ನೆನಪು ಮಾಡಿಕೊಳ್ಳುತ್ತಿದ್ದೇನೋ ಏನೋ.

"ಬಂತಾ?" ಅಂದೆ.

ಎರಡು ಬಡಿತ.

"ಈಗ?"

ಎರಡು ಬಡಿತ. ಆಮೇಲೆ ಎಣಿಸಲಾಗದಷ್ಟು. ಗೋದಾಮಿನಲ್ಲಿ ನಿಂತು ಮಗ್ಗದ ಬಡಿತ ಯಾವುದು, ಕತ್ತರಿಯ ಬಡಿತ ಯಾವುದು ಎಂದು ತಿಳಿಯದೆ, "ಹಲೋ, ಹಲೋ," ಅನ್ನುತ್ತಿದ್ದೆ. ಬಂದಿದ್ದ ಹೆಂಗಸು ಫೋನ್ ಎತ್ತಿಕೊಂಡು, "ಅಣ್ಣಾ, ಅಕ್ಕ ಯಾಕೋ ಅಳ್ತಾವ್ರೆ, ಬಂದ್ಬಿಡಣ್ಣ," ಅಂದಳು.

ಗೆಳೆಯ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಡಿಸ್ಕಿನಲ್ಲಿ ಹುಡುಕಿದ. ವೇಗವಾಗಲಿ ಎಂದು ಅವನೇ ಹಾಕಿಕೊಟ್ಟಿದ್ದ ಹೊಸ ಡಿಸ್ಕು. ಅಳಿಸಿದ ಜಾಗವನ್ನು ಅದು ತಾನೇ ಒರೆಸಿಕೊಂಡು ಚೊಕ್ಕಟ ಮಾಡಿಕೊಂಡಿತ್ತು. "ಹಳೇ ಡಿಸ್ಕಾಗಿದ್ರೆ ಏನಾದ್ರೂ ಸಿಗ್ತಿತ್ತು ಗುರು," ಅಂದ. ಸಾಂಬಾರ್ ಪುಡಿಯ ಮಾತನ್ನು ಈ ಸಲ ಆಡಲಿಲ್ಲ.

ಬೇರೆ ಕಡೆ ಹುಡುಕಿದೆವು. ಮದುವೆಯ ವಿಡಿಯೋದಲ್ಲಿ ವಾಲಗ ಬಿಟ್ಟರೆ ಏನೂ ಇಲ್ಲ. ಫೋನಿನ ವಿಡಿಯೋಗಳಲ್ಲಿ ಅವಳ ಅಕ್ಕನ ಮಕ್ಕಳು ಕುಣಿಯುತ್ತಾರೆ, ಮೇಲೆ ಹಾಡು ಹಾಕಿದೆ. ದನಿಯ ಮೆಸೇಜ್ ಕಳಿಸುವ ಚಾಳಿ ಅವಳಿಗಿರಲಿಲ್ಲ. ಹೇಳಬೇಕಾದ್ದನ್ನು ನೇರ ಫೋನ್ ಮಾಡಿ ಹೇಳಿ ಮುಗಿಸುತ್ತಿದ್ದಳು. ಕಂಪ್ಯೂಟರೇ ಕನ್ನಡ ಓದುವ ಒಂದು ಪ್ರೋಗ್ರಾಂ ಸಿಕ್ಕಿತು, ಹಾಕಿದೆ. ಅದು ತಗಡಿನ ದನಿಯಲ್ಲಿ "ನಾಳೆ ಬನ್ನಿ" ಅಂದಿತು. ಅವಳು ಕೇಳಿ, ಕಪ್ಪು ಬಟ್ಟೆಯ ಮೇಲೆ "ಇವನ್ಯಾರು?" ಎಂದು ಬರೆದು, ಲ್ಯಾಪ್‌ಟಾಪ್ ಮುಚ್ಚಿದಳು.

ನನ್ನ ಕಷ್ಟ ಬೇರೆ. ಆ 'ರೀ'ಯನ್ನು ನೆನಪಿನಲ್ಲಿ ಕೇಳಿಸಿಕೊಳ್ಳಲು ಹೋದರೆ ನನಗೆ ಕೇಳುವುದು ಲ್ಯಾಪ್‌ಟಾಪಿನ ಸ್ಪೀಕರಿನ 'ರೀ'. ಚಿಕ್ಕದು, ಸ್ವಲ್ಪ ಒಡೆದದ್ದು. ಅಡುಗೆಮನೆಯದು ಅದರ ಹಿಂದೆ ಎಲ್ಲೋ ಹೋಗಿಬಿಟ್ಟಿದೆ. ಹಿಡಿದಿಡಲು ಹೋಗದೆ ಇದ್ದಿದ್ದರೆ ನಿಜವಾದದ್ದಾದರೂ ತಲೆಯಲ್ಲಿ ಉಳಿಯುತ್ತಿತ್ತೇನೋ. ಅದನ್ನೂ ಖಚಿತವಾಗಿ ಹೇಳಲಾರೆ.

ಕಾಪಿ ಹಾಕಿ ಎಲ್ಲೋ ಇಟ್ಟು ಮರೆತಿದ್ದ ಪೆನ್‌ಡ್ರೈವ್ ಸಿಕ್ಕಿದ್ದು ಆಮೇಲೆ, ಒಂದು ಭಾನುವಾರ, ಗುಂಡಿಗಳ ಡಬ್ಬಿಯಲ್ಲಿ. ಬ್ಲೌಸಿನ ಗುಂಡಿಗಳು. ಒಂದೇ ಕಡತ. ಆ ಮೊದಲನೇ ಮಧ್ಯಾಹ್ನದ್ದು.

ಅದರಲ್ಲಿ ಅವಳು "ಏ, ತೆಗೀರಿ ಅತ್ಲಾಗೆ," ಎಂದು ನನ್ನನ್ನು ಗದರಿದ್ದಳು ಎಂದು ಒಂದು ಕರಡಿನಲ್ಲಿ ಬರೆದಿದ್ದೆ. ಎಲ್ಲವೂ ಹೊಂದಿಕೊಳ್ಳುತ್ತಿತ್ತು. ಹೊಡೆದುಹಾಕಿದೆ. ಹಾಗೇನೂ ಇರಲಿಲ್ಲ. ಇದ್ದದ್ದು ಇಷ್ಟು: ಮಗ್ಗಗಳು ಒಂದೊಂದಾಗಿ ನಿಲ್ಲುತ್ತವೆ. ಕುರ್ಚಿ ಸರಿಯುತ್ತದೆ. ನನ್ನ ದನಿ, "ಹೂಂ, ಈಗ." ಆಮೇಲೆ ಅವಳು ಉಸಿರು ಎಳೆದುಕೊಳ್ಳುತ್ತಾಳೆ, ಮಾತಾಡುವ ಮುಂಚೆ ಬಾಯಿಂದ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಅಲ್ಲಿಗೆ ಮುಗಿಯುತ್ತದೆ.

ಆ ಭಾನುವಾರ ಕರೆಂಟ್ ಇರಲಿಲ್ಲ. ಕಡತವನ್ನು ಅವಳಿಗೆ ಹಾಕಿ ಕೇಳಿಸಿದೆ. ಅವಳ ಕೈ ಕತ್ತಿನ ಪಟ್ಟಿಯ ಮೇಲೆ ಹೋಯಿತು. ಈಗ ಅವಳ ಉಸಿರಿಗೆ ಬಾಯಿಯ ದಾರಿ ಇಲ್ಲ. ಆ ಸದ್ದೂ ಹೋಗಿದೆ ಎಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮಾತು ಹೋಯಿತು ಎಂದಷ್ಟೇ ಲೆಕ್ಕ ಹಾಕಿದ್ದೆವು.

"ಏನು ಹೇಳೋಕ್ ಹೊರಟಿದ್ದೆ ಅವತ್ತು?" ಎಂದು ಕೇಳಿದೆ.

ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಆಮೇಲೆ ಚಾಕ್‌ಪೀಸ್ ತೆಗೆದುಕೊಂಡು ಬರೆದಳು: ತೆಗೀರಿ.

ನಾನು ಕೇಳಿದೆ: "ಯಾವ ತೆಗಿ?"

ಅವಳು ನನ್ನ ಮುಖ ನೋಡಿದಳು. ಬರೆದದ್ದನ್ನು ಕೊಡವಿ, ಮತ್ತೆ ಬರೆದಳು: ಇನ್ನೊಂದ್ ಸಲ.

ತೆರೆದೆ. ಮಗ್ಗ, ಕುರ್ಚಿ, ನಾನು, ಉಸಿರು. ಅವಳು ಇನ್ನೊಂದು ಸಲ ಎಂದು ಬೆರಳೆತ್ತಿದಳು. ಅಷ್ಟರಲ್ಲಿ ಕರೆಂಟ್ ಬಂತು. ಗೋಡೆಯಾಚೆ ಮಗ್ಗಗಳು ಶುರುವಾದವು. ಸ್ಪೀಕರಿಗೆ ಕಿವಿ ಇಟ್ಟರೂ ನನ್ನ 'ಹೂಂ, ಈಗ' ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಈಗ ನಮ್ಮ ಮನೆಯಲ್ಲಿ ತೆಗಿ ಎಂದು ಯಾರೂ ಅನ್ನುವುದಿಲ್ಲ. ಬಾಗಿಲನ್ನೂ ಓಪನ್ ಮಾಡುತ್ತೇವೆ. ಲ್ಯಾಪ್‌ಟಾಪ್ ಚಾರ್ಜ್ ಮಾಡಿಯೇ ಇಟ್ಟಿರುತ್ತೇನೆ. ಕಡತದ ಕಾಪಿಗಳು ಗೆಳೆಯನ ಅಂಗಡಿಯಲ್ಲೂ ಇವೆ, ಗೋದಾಮಿನ ನನ್ನ ಡ್ರಾಯರಿನಲ್ಲೂ ಇವೆ. ಕರೆಂಟ್ ಹೋದರೆ ಅವಳು ಯಂತ್ರ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಾಳೆ, ಫೋಟೊಗೆ ಕೂರುವ ಹಾಗೆ, ಸೆರಗು ಸರಿಮಾಡಿಕೊಂಡು.

ಈಗೀಗ ನಮ್ಮ ಕಡೆ ಕರೆಂಟ್ ಹೋಗುವುದು ಕಡಿಮೆಯಾಗಿದೆ. ನೇಯುವವರಿಗೆ ಒಳ್ಳೆಯದೇ.